ತಕ್ಕಡಿ ಹಿಡಿದು ದೇವಾಲಯಕ್ಕೆ ಬಂದವನು

ಯೇಸುವಿನ ಪವಿತ್ರ ಹೃದಯದ ಮಹೋತ್ಸವದ ಪ್ರಬೋಧನೆ
ವಾಚನಗಳು: ಧರ್ಮೋಪದೇಶಕಾಂಡ 7:6-11, 1 ಯೊವಾನ್ನ 4:7-16, ಮತ್ತಾಯ 11:25-30



ಹಬ್ಬಕ್ಕೆ ಮುಂಚಿನ ವಾರದಲ್ಲಿ ನಮ್ಮಲ್ಲಿ ಹೆಚ್ಚಿನವರು ಒಮ್ಮೆಯಾದರೂ ಗಾಂಧಿ ಬಜಾರಿಗೆ ಹೋಗಿ ಬಂದಿರುತ್ತೇವೆ. ಮಕ್ಕಳಿಗೆ ಬಟ್ಟೆ, ಪಾಯಸಕ್ಕೆ ಬೆಲ್ಲ, ಮನೆಯ ಪೀಠಕ್ಕೆ ಹೂವು ತಂದಿರುತ್ತೇವೆ. ಈಗ ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಗಳೇ ಹೆಚ್ಚು. ಆದರೂ ಎರಡು ತಟ್ಟೆಯ ಹಳೆಯ ತಕ್ಕಡಿಯನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಒಂದು ತಟ್ಟೆಯಲ್ಲಿ ತೂಕದ ಬಟ್ಟು, ಇನ್ನೊಂದರಲ್ಲಿ ಸಾಮಾನು. ಆ ತಕ್ಕಡಿಯ ಸ್ವಭಾವ ನೋಡಿ: ಒಂದು ತಟ್ಟೆ ಮೇಲೇರಬೇಕಾದರೆ ಇನ್ನೊಂದು ಕೆಳಗಿಳಿಯಲೇಬೇಕು. ಎರಡೂ ಒಟ್ಟಿಗೆ ಮೇಲೇರುವುದು ಆ ಯಂತ್ರದಲ್ಲಿ ಸಾಧ್ಯವೇ ಇಲ್ಲ.

ಬೇಳೆ ತೂಗಲು ಅದು ಒಳ್ಳೆಯ ಸಾಧನ. ಅದನ್ನೇ ಹಿಡಿದುಕೊಂಡು ದೇವರ ಮುಂದೆ ಬಂದು ನಿಂತ ಒಬ್ಬ ಮನುಷ್ಯನ ಕಥೆಯನ್ನು ಯೇಸುಸ್ವಾಮಿ ಹೇಳಿದ್ದಾರೆ. ಸಂತ ಲೂಕರ ಶುಭಸಂದೇಶದ 18ನೇ ಅಧ್ಯಾಯದಲ್ಲಿರುವ ಫರಿಸಾಯ ಮತ್ತು ಸುಂಕದವನ ಸಾಮತಿ ಅದು. ಇಂದಿನ ಶುಭಸಂದೇಶ ಬೇರೆಯೇ ಆಗಿದೆ ನಿಜ. ಇಂದು ಸಂತ ಮತ್ತಾಯರು ನಮಗೆ ಯೇಸುವಿನ ಹೃದಯವನ್ನು ತೋರಿಸುತ್ತಾರೆ. ತಮ್ಮ ಹೃದಯ ಎಂಥದು ಎಂದು ಯೇಸು ತಾವಾಗಿಯೇ ಬಾಯಿ ಬಿಟ್ಟು ಹೇಳಿದ್ದು ನಾಲ್ಕು ಶುಭಸಂದೇಶಗಳಲ್ಲಿ ಇಲ್ಲಿ ಮಾತ್ರ. ಅಲ್ಲಿ ಅವರು ತಮ್ಮ ಶಕ್ತಿಯನ್ನು ಹೇಳಲಿಲ್ಲ, ಜ್ಞಾನವನ್ನು ಹೇಳಲಿಲ್ಲ. ಸೌಮ್ಯತೆ ಮತ್ತು ದೀನತೆ, ಇವೆರಡನ್ನು ಹೇಳಿ, ಇದನ್ನು ತಮ್ಮಿಂದ ಕಲಿಯಬೇಕೆಂದರು. ಈ ಪಾಠ ನಮಗೇಕೆ ಅಷ್ಟು ಕಷ್ಟ ಎಂದು ತಿಳಿಯಬೇಕಾದರೆ ಆ ಫರಿಸಾಯನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

ಫರಿಸಾಯ ಎಂದ ಕೂಡಲೇ ನಮಗೆ ಕಪಟಿಯ ಮುಖ ಕಣ್ಣಿಗೆ ಬರುತ್ತದೆ. ಆದರೆ ಈ ಸಾಮತಿಯ ಫರಿಸಾಯ ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ. ಮೋಶೆಯ ಧರ್ಮಶಾಸ್ತ್ರ ಎಲ್ಲರಿಗೂ ಕಡ್ಡಾಯ ಮಾಡಿದ್ದು ವರ್ಷಕ್ಕೆ ಒಂದು ದಿನದ ಉಪವಾಸ, ದೋಷಪರಿಹಾರದ ದಿನದಂದು. ಇವನು ವಾರಕ್ಕೆ ಎರಡು ದಿನ ಉಪವಾಸ ಮಾಡುತ್ತಿದ್ದ. ಲೆಕ್ಕ ಹಾಕಿದರೆ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ. ಬಂದ ಆದಾಯದಲ್ಲೆಲ್ಲ ಹತ್ತರಲ್ಲಿ ಒಂದು ಪಾಲು ಕೊಡುತ್ತಿದ್ದ. ಕಳ್ಳತನ ಮಾಡಿದವನಲ್ಲ, ಹೆಂಡತಿಗೆ ದ್ರೋಹ ಬಗೆದವನಲ್ಲ. ಇಂಥವನೊಬ್ಬ ನಮ್ಮ ಧರ್ಮಕೇಂದ್ರಕ್ಕೆ ಬಂದು ಸೇರಿದರೆ ಪಾಲನಾ ಸಮಿತಿಗೆ ಅವನ ಹೆಸರನ್ನೇ ನಾವು ಮೊದಲು ಸೂಚಿಸುತ್ತೇವೆ. ಹಬ್ಬದ ವಂತಿಗೆ ಸಂಗ್ರಹಕ್ಕೆ ಅವನೇ ಮುಂದೆ ಇರಲಿ ಎನ್ನುತ್ತೇವೆ.

ಸುಂಕದವನನ್ನೂ ನಾವು ಸುಮ್ಮನೆ ಸಿಹಿ ಮಾಡಿಕೊಳ್ಳುವುದು ಬೇಡ. ಅವನು ಬಡಪಾಯಿಯಲ್ಲ. ರೋಮಿನ ಆಡಳಿತಕ್ಕಾಗಿ ಸ್ವಂತ ಜನರಿಂದ ಸುಂಕ ವಸೂಲಿ ಮಾಡಿ, ಅದರ ಮೇಲೆ ತನ್ನ ಪಾಲನ್ನೂ ಕಿತ್ತುಕೊಳ್ಳುತ್ತಿದ್ದ ಮನುಷ್ಯ. ಅವನಿಂದ ಮನೆ ಮಠ ಕಳೆದುಕೊಂಡವರು ಇದ್ದಿರಬಹುದು. ಅವನು ಎದೆ ಬಡಿದುಕೊಂಡು ತಾನು ಪಾಪಿ ಎಂದು ಹೇಳಿಕೊಂಡದ್ದು ವಿನಯದ ಮಾತಲ್ಲ, ಸತ್ಯದ ಮಾತು.

ಹಾಗಾದರೆ ಒಳ್ಳೆಯವನು ಬರಿಗೈಯಲ್ಲಿ ಮನೆಗೆ ಹೋಗಿ, ಕೆಟ್ಟವನು ನೀತಿವಂತನೆನಿಸಿಕೊಂಡು ಹೋದದ್ದು ಹೇಗೆ? ಫರಿಸಾಯನ ಪ್ರಾರ್ಥನೆಯನ್ನು ಗಮನಿಸಿ. ಆರಂಭ ಬಹಳ ಚೆನ್ನಾಗಿದೆ, ದೇವರಿಗೆ ಕೃತಜ್ಞತೆ. ಎರಡನೇ ಉಸಿರಿಗೇ ಅವನ ಕಣ್ಣು ಪಕ್ಕಕ್ಕೆ ಹೊರಳುತ್ತದೆ. ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ರಾಶಿ ಹಾಕುವ ಹಾಗೆ ಅವನು ಮನುಷ್ಯರನ್ನು ವಿಂಗಡಿಸಲು ಶುರುಮಾಡುತ್ತಾನೆ: ಸುಲಿಗೆಗಾರರು ಅಲ್ಲಿ, ಅನ್ಯಾಯಗಾರರು ಇಲ್ಲಿ, ವ್ಯಭಿಚಾರಿಗಳು ಆ ಕಡೆ, ಕೊನೆಗೆ ಹಿಂದೆ ನಿಂತ ಈ ಸುಂಕದವನು. ಅವನ ಉಪವಾಸಕ್ಕೆ ತೂಕ ಬರಬೇಕಾದರೆ ಆ ಸುಂಕದವನು ಬೇಕು. ಸುಂಕದವನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತು ಕೆಳಗಿಳಿದರೆ ಮಾತ್ರ ಫರಿಸಾಯ ಮೇಲೇರುವುದು. ಅಕಸ್ಮಾತ್ ಆ ಸುಂಕದವನು ಅಂದು ದೇವಾಲಯಕ್ಕೆ ಬರದೇ ಇದ್ದಿದ್ದರೆ ಫರಿಸಾಯನ ಪ್ರಾರ್ಥನೆ ಅರ್ಧಕ್ಕೇ ನಿಂತು ಹೋಗುತ್ತಿತ್ತೇನೋ!

ತಾನೇ ನೀತಿವಂತನೆಂಬ ಭಾವನೆಯ ಗುಟ್ಟು ಇದು. ಒಳ್ಳೆಯದನ್ನು ಮಾಡಿ ಸಂತೋಷಪಡುವುದು ಪಾಪವಲ್ಲ. ತನ್ನ ಒಳ್ಳೆಯತನಕ್ಕೆ ಇನ್ನೊಬ್ಬನ ಕೆಡುಕು ಬೇಕಾಗುವುದು, ಅದು ರೋಗ. ಸಂತ ಲೂಕರು ಸಾಮತಿಯ ಆರಂಭದಲ್ಲೇ ಇದು ಯಾರಿಗಾಗಿ ಹೇಳಿದ್ದು ಎಂದು ಎರಡು ಗುರುತು ಕೊಟ್ಟಿದ್ದಾರೆ: ತಮ್ಮ ನೀತಿಯ ಮೇಲೆಯೇ ಭರವಸೆ ಇಟ್ಟವರು, ಇತರರನ್ನು ಹೀನಾಯವಾಗಿ ಕಂಡವರು. ಈ ಎರಡೂ ಯಾವಾಗಲೂ ಜೋಡಿಯಾಗಿಯೇ ಬರುತ್ತವೆ. ಮೊದಲನೆಯದು ನಮ್ಮೊಳಗಿದೆಯೋ ಇಲ್ಲವೋ ಎಂದು ಕಂಡುಹಿಡಿಯುವುದು ಕಷ್ಟ. ಎರಡನೆಯದನ್ನು ನೋಡಿ ಮೊದಲನೆಯದನ್ನು ತಿಳಿದುಕೊಳ್ಳಬಹುದು.

ನಮ್ಮ ಹಿರಿಯರು ಸೇರು, ಮಣಗಳ ಲೆಕ್ಕದಲ್ಲಿ ವ್ಯಾಪಾರ ಮಾಡುತ್ತಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸಮನಾಗಿರುತ್ತಿರಲಿಲ್ಲ. ಜಗಳ, ಮೋಸ, ಗೊಂದಲ. 1956ರಲ್ಲಿ ಕಾಯ್ದೆ ಬಂದ ಮೇಲೆಯೇ ಹಂತಹಂತವಾಗಿ ದೇಶಕ್ಕೆಲ್ಲ ಒಂದೇ ಕಿಲೋ, ಒಂದೇ ಲೀಟರ್ ಆದದ್ದು. ಈಗ ಅಂಗಡಿಯ ಯಜಮಾನ ಎಷ್ಟೇ ಪ್ರಾಮಾಣಿಕನಾಗಿರಲಿ, ತನ್ನ ಬಟ್ಟಿಗೆ ತಾನೇ ಮುದ್ರೆ ಹಾಕಿಕೊಳ್ಳುವ ಹಾಗಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯವರೇ ಪರೀಕ್ಷೆ ಮಾಡಿ ಮುದ್ರೆ ಹಾಕಬೇಕು. ಒಮ್ಮೆ ಹಾಕಿದರೆ ಮುಗಿಯಲಿಲ್ಲ. ಬಟ್ಟು ಸವೆಯುತ್ತದೆ, ತಕ್ಕಡಿ ವಾಲುತ್ತದೆ, ಆದ್ದರಿಂದ ಗೊತ್ತಾದ ಅವಧಿಗೆ ಮತ್ತೆ ಮತ್ತೆ ಪರೀಕ್ಷೆ ಆಗಬೇಕು.

ಬಜಾರಿನಲ್ಲಿ ಹೋದ ಆ ಹಳೆಯ ಸೇರು ನಮ್ಮ ಮನಸ್ಸಿನಲ್ಲಿ ಮಾತ್ರ ಇನ್ನೂ ಉಳಿದುಕೊಂಡಿದೆ. ಕುಡಿಯದವನು ಊರನ್ನೆಲ್ಲ ಕುಡಿತದ ಸೇರಿನಲ್ಲಿ ಅಳೆಯುತ್ತಾನೆ. ಅವನ ನಾಲಿಗೆಯಿಂದ ಎಷ್ಟು ಮನೆ ಒಡೆದಿವೆ ಎಂಬುದು ಆ ಸೇರಿಗೆ ಸಿಗುವುದೇ ಇಲ್ಲ. ದಿನಾ ಬೆಳಗಿನ ಬಲಿಪೂಜೆಗೆ ಬರುವವರು ಭಾನುವಾರ ಮಾತ್ರ ಬರುವವರನ್ನು ಬಲಿಪೂಜೆಯ ಸೇರಿನಲ್ಲಿ ಅಳೆಯುತ್ತಾರೆ. ಅತ್ತೆ ಸೊಸೆಯನ್ನು ಜಪಸರದಿಂದ ಅಳೆದರೆ, ಸೊಸೆ ಅತ್ತೆಯನ್ನು ಕರುಣೆಯಿಂದ ಅಳೆಯುತ್ತಾಳೆ. ಇಬ್ಬರ ಸೇರೂ ಬೇರೆ, ಇಬ್ಬರಿಗೂ ತಮ್ಮದೇ ಸರಿ. ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಚೆನ್ನಾಗಿ ಓದಿದವರಿಗೆ ಅದೇ ದೇವರ ಆಶೀರ್ವಾದದ ಗುರುತು. ಪಕ್ಕದ ಮನೆಯ ಹುಡುಗ ಪಿ.ಯು.ಸಿ.ಯಲ್ಲಿ ನಪಾಸಾದರೆ, ಆ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಇಲ್ಲ ನೋಡಿ ಎನ್ನುವ ಮಾತು ಬೇಗನೆ ಹುಟ್ಟಿಕೊಳ್ಳುತ್ತದೆ. ಧರ್ಮಗುರುಗಳಾದ ನಮಗೂ ನಮ್ಮದೇ ಸೇರುಗಳಿವೆ. ಯಾವ ಧರ್ಮಕೇಂದ್ರದ ಹಬ್ಬ ದೊಡ್ಡದು, ಯಾರು ಕಟ್ಟಿಸಿದ ಕಟ್ಟಡ ದೊಡ್ಡದು ಎಂಬ ಸೇರು ಅದರಲ್ಲಿ ಒಂದು. ಒಬ್ಬೊಬ್ಬರೂ ತಾವು ಗೆಲ್ಲುವಂಥ ಸೇರನ್ನೇ ಆರಿಸಿಕೊಳ್ಳುವುದು ಎಷ್ಟು ಸಹಜವಾಗಿ ನಡೆದು ಹೋಗುತ್ತದೆ!

ನಮ್ಮ ಜಿಲ್ಲೆಯ ಕುಟುಂಬಗಳಲ್ಲಿ ಇನ್ನೊಂದು ಸೇರು ಇದೆ. ಅದನ್ನು ಹೇಳದೆ ಹೋದರೆ ಈ ಮಾತು ಪೂರ್ತಿಯಾಗದು. ನಮ್ಮ ಪೂರ್ವಿಕರಲ್ಲಿ ಕೆಲವರು ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಕೆಲವರು ಭದ್ರಾವತಿಯ ಕಾರ್ಖಾನೆಗಳ ಕೆಲಸಕ್ಕೆಂದು ತಮಿಳುನಾಡು, ಕೇರಳಗಳಿಂದ ಬಂದವರು. ಕೆಲವರು ಇಲ್ಲಿಯ ಮಣ್ಣಿನವರೇ. ಕೊಂಕಣಿ, ತಮಿಳು, ಮಲಯಾಳ, ಕನ್ನಡ, ಎಲ್ಲವೂ ನಮ್ಮ ಮನೆಗಳ ಭಾಷೆ. 1988ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರದಿಂದ ಬೇರೆಯಾಗಿ ಶಿವಮೊಗ್ಗ ಧರ್ಮಕ್ಷೇತ್ರ ಆದಾಗ ಇವರೆಲ್ಲರನ್ನೂ ಒಂದೇ ಪ್ರಧಾನಾಲಯದ ಕೆಳಗೆ ತರಲಾಯಿತು, ಆ ಪ್ರಧಾನಾಲಯ ಯೇಸುವಿನ ಪವಿತ್ರ ಹೃದಯಕ್ಕೆ ಅರ್ಪಿತವಾಗಿದೆ. ಆದರೂ ನಾವು ಹಳೆಯ ಕ್ರೈಸ್ತರು, ಅವರು ಹೊಸಬರು ಎಂಬ ಮಾತು; ನಮ್ಮ ಮನೆತನ ಇಂಥದು, ಅವರ ಜಾತಿ ಇಂಥದು ಎಂಬ ಪಿಸುಮಾತು; ಹುಡುಗಿ ನೋಡುವಾಗ, ಸಮಾಧಿ ಜಾಗ ಕೇಳುವಾಗ, ಹಬ್ಬದ ತೇರು ಹೊರುವಾಗ ತಲೆ ಹಾಕುತ್ತಲೇ ಇರುತ್ತದೆ.

ಇದಕ್ಕೆ ಉತ್ತರವೋ ಎಂಬಂತೆ ಇಂದಿನ ಮೊದಲನೇ ವಾಚನವಿದೆ. ಇಸ್ರಯೇಲರು ದೇವರು ಆರಿಸಿಕೊಂಡ ಜನ. ಅವರಿಗೆ ಹೆಮ್ಮೆ ಪಡಲು ಕಾರಣವಿತ್ತು. ಆದರೆ ಮೋಶೆ ಆ ಹೆಮ್ಮೆಯ ಬುಡಕ್ಕೇ ಕೊಡಲಿ ಹಾಕುತ್ತಾನೆ. ನೀವು ಸಂಖ್ಯೆಯಲ್ಲಿ ದೊಡ್ಡವರೆಂದು ದೇವರು ನಿಮ್ಮನ್ನು ಆರಿಸಿಕೊಳ್ಳಲಿಲ್ಲ, ಜನಾಂಗಗಳಲ್ಲೆಲ್ಲ ನೀವು ಚಿಕ್ಕವರೇ ಆಗಿದ್ದಿರಿ, ಆರಿಸಿಕೊಂಡದ್ದು ಪ್ರೀತಿಯಿಂದ ಎಂಬುದು ಅವನ ಮಾತಿನ ಸಾರ. ಅದೇ ಗ್ರಂಥದ 9ನೇ ಅಧ್ಯಾಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಾಗ್ದಾನದ ನಾಡು ಸಿಕ್ಕಿದ್ದು ಅವರ ನೀತಿಯ ಕೂಲಿಯಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾನೆ. ಪ್ರೀತಿಗೆ ಕಾರಣ ಕೇಳಿದರೆ ದೇವರಲ್ಲಿ ಇರುವ ಉತ್ತರ ಪ್ರೀತಿಯೇ. ಎರಡನೇ ವಾಚನದಲ್ಲಿ ಸಂತ ಯೊವಾನ್ನರು ಹೇಳುವುದೂ ಅದನ್ನೇ, ಮೊದಲು ಪ್ರೀತಿಸಿದ್ದು ನಾವಲ್ಲ, ದೇವರು. ಹಳೆಯ ಕ್ರೈಸ್ತರೋ ಹೊಸ ಕ್ರೈಸ್ತರೋ, ಜ್ಞಾನಸ್ನಾನದ ನೀರನ್ನು ಯಾರೂ ಮನೆಯಿಂದ ತಂದಿರಲಿಲ್ಲ.

ಪವಿತ್ರ ಹೃದಯದ ಈ ಹಬ್ಬ ಹುಟ್ಟಿದ ಕಾಲವನ್ನು ತಿಳಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 17ನೇ ಶತಮಾನದ ಫ್ರಾನ್ಸಿನಲ್ಲಿ ಜಾನ್ಸೆನ್ ಎಂಬ ಧರ್ಮಾಧ್ಯಕ್ಷರ ಗ್ರಂಥದಿಂದ ಹೊರಟ ಒಂದು ಕಠಿಣ ಪಂಥ ಬಲವಾಗಿ ಬೆಳೆಯಿತು. ಆ ಗ್ರಂಥ ಅಚ್ಚಾದದ್ದು 1640ರಲ್ಲಿ. ಪಂಥದವರು ಕೆಟ್ಟವರಲ್ಲ, ಬಹಳ ಶಿಸ್ತಿನವರು. ಪಾಪದ ಭಯ ಅವರಿಗೆ ನಿಜವಾಗಿಯೂ ಇತ್ತು. 1643ರಲ್ಲಿ ಆರ್ನೋ ಎಂಬ ಪಂಡಿತರು ಒಂದು ಪುಸ್ತಕ ಬರೆದು, ಪರಮಪ್ರಸಾದವನ್ನು ಪದೇ ಪದೇ ಸ್ವೀಕರಿಸುವುದು ತರವಲ್ಲ, ಬಹಳ ಕಾಲ ಪ್ರಾಯಶ್ಚಿತ್ತ ಮಾಡಿ ಯೋಗ್ಯರಾದ ಮೇಲೆಯೇ ಹತ್ತಿರ ಹೋಗಬೇಕು ಎಂಬ ಮನೋಭಾವವನ್ನು ಹರಡಿದರು. ನೋಡಲು ಇದು ಎಷ್ಟು ದೀನತೆಯ ಮಾತು! ನಾನು ಯೋಗ್ಯನಲ್ಲ, ಆದ್ದರಿಂದ ದೂರ ನಿಲ್ಲುತ್ತೇನೆ. ಆದರೆ ಒಳಗೆ ಇನ್ನೊಂದು ಲೆಕ್ಕ ಇತ್ತು. ಯೋಗ್ಯನಾದ ಮೇಲೆ ಬರುತ್ತೇನೆ ಎನ್ನುವವನು ಒಂದಲ್ಲ ಒಂದು ದಿನ ತಾನು ಯೋಗ್ಯನಾಗಬಲ್ಲೆ ಎಂದು ನಂಬಿರುತ್ತಾನಲ್ಲವೇ? ಅಷ್ಟರೊಳಗೆ ಹತ್ತಿರ ಹೋಗುವ ಸಾಮಾನ್ಯ ಜನ ಅವನ ಕಣ್ಣಿಗೆ ಹಗುರವಾಗಿ ಕಾಣುತ್ತಾರೆ. ಆ ಪಂಥದ ಕೇಂದ್ರವಾಗಿದ್ದ ಪೋರ್ಟ್ ರಾಯಲ್ ಮಠದ ಕನ್ಯಾಸ್ತ್ರೀಯರು ಶುದ್ಧತೆಯಲ್ಲಿ ದೇವದೂತರನ್ನೂ ಗರ್ವದಲ್ಲಿ ಪಿಶಾಚಿಯನ್ನೂ ಹೋಲುತ್ತಾರೆಂದು ಆಗಿನ ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ಬೇಸರದಿಂದ ಹೇಳಿದರೆಂಬುದು ಪ್ರಸಿದ್ಧ ಮಾತು.

ಇಂಥ ಕಾಲದಲ್ಲಿ, ಅದೇ ಫ್ರಾನ್ಸಿನ ಪರೇ-ಲೆ-ಮೊನಿಯಾಲ್ ಎಂಬ ಪುಟ್ಟ ಊರಿನ ಕನ್ಯಾಮಠದಲ್ಲಿ ಸಂತ ಮಾರ್ಗರೆಟ್ ಮೇರಿಯವರಿಗೆ ಯೇಸು ತಮ್ಮ ಹೃದಯವನ್ನು ತೆರೆದು ತೋರಿಸಿದರು. 1673ರಿಂದ 1675ರವರೆಗಿನ ದರ್ಶನಗಳು ಅವು. ಯೇಸು ಕೇಳಿದ್ದೇನು? ದೂರ ನಿಲ್ಲಿ ಎಂದಲ್ಲ. ಹತ್ತಿರ ಬನ್ನಿ, ಪರಮಪ್ರಸಾದವನ್ನು ಸ್ವೀಕರಿಸಿ ಎಂದು. ಪರಮಪ್ರಸಾದದ ಹಬ್ಬದ ಎಂಟನೇ ದಿನ ಕಳೆದ ಮರುದಿನದ ಶುಕ್ರವಾರ ತಮ್ಮ ಹೃದಯದ ಹಬ್ಬವಾಗಲಿ ಎಂದು ಅವರು ಕೇಳಿಕೊಂಡರು. ನಾವು ಇಂದು ಶುಕ್ರವಾರ ಸೇರಿರುವುದು ಅದಕ್ಕೇ. ಧರ್ಮಸಭೆ ಅವಸರ ಮಾಡಲಿಲ್ಲ. ವಿಶ್ವಕ್ಕೆಲ್ಲ ಈ ಹಬ್ಬವಾದದ್ದು 1856ರಲ್ಲಿ. ಪರಮಪ್ರಸಾದವನ್ನು ಪದೇ ಪದೇ, ದಿನನಿತ್ಯವೂ ಸ್ವೀಕರಿಸಬಹುದೆಂದು ಸಂತ 10ನೇ ಪಿಯುಸ್ ಅವರು ಸ್ಪಷ್ಟವಾಗಿ ತಿಳಿಸಿದ್ದು 1905ರಲ್ಲಿ. ಏಳು ವರ್ಷದ ಆಸುಪಾಸಿನ ಮಕ್ಕಳಿಗೆ ಬಾಗಿಲು ತೆರೆದದ್ದು 1910ರಲ್ಲಿ. ನಮ್ಮ ಮಕ್ಕಳು ಬಿಳಿಯ ಉಡುಪು ತೊಟ್ಟು ಪ್ರಥಮ ಪರಮಪ್ರಸಾದಕ್ಕೆ ಸಾಲು ನಿಲ್ಲುವಾಗ ಆ ಹಳೆಯ ಜಗಳದ ಬಗ್ಗೆ ಅವಕ್ಕೆ ಏನೂ ತಿಳಿದಿರುವುದಿಲ್ಲ. ಅದು ಒಳ್ಳೆಯದೇ. 2025ರ ಏಪ್ರಿಲ್‌ನಲ್ಲಿ ನಮ್ಮನ್ನಗಲಿದ ಪೋಪ್ ಫ್ರಾನ್ಸಿಸ್ ಅವರು 2024ರ ಅಕ್ಟೋಬರ್ 24ರಂದು ಪವಿತ್ರ ಹೃದಯದ ಬಗ್ಗೆಯೇ ತಮ್ಮ ಕೊನೆಯ ವಿಶ್ವಪತ್ರವನ್ನು ಬರೆದರು. ಅದರಲ್ಲೂ ಈ ಜಾನ್ಸೆನ್ ಪಂಥದ ಕಾಠಿಣ್ಯವನ್ನು ಅವರು ನೆನಪಿಸಿದ್ದಾರೆ. ಮುನ್ನೂರು ವರ್ಷ ಕಳೆದರೂ ಆ ರೋಗ ವಾಸಿಯಾಗಿಲ್ಲ ಎಂದಾಯಿತು.

ಒಳ್ಳೆಯ ಕೆಲಸವೇ ಮನುಷ್ಯನಿಗೆ ಎಂಥ ಬಲೆಯಾಗಬಲ್ಲದು ಎಂಬುದನ್ನು ತಿಳಿಯಲು ಫ್ರಾನ್ಸಿಗೇ ಹೋಗಬೇಕಾಗಿಲ್ಲ. 12ನೇ ಶತಮಾನದ ಶರಣ ಅಲ್ಲಮಪ್ರಭು ನಮ್ಮದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವರು. ಅವರ ಬಗ್ಗೆ ಶೂನ್ಯಸಂಪಾದನೆಯಲ್ಲಿ ಒಂದು ಪ್ರಸಂಗವಿದೆ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಎಂಬ ಮಹಾಪುರುಷರು ಜನರಿಗಾಗಿ ಕೆರೆ ಕಟ್ಟಿಸುತ್ತಿದ್ದರು. ಪುಣ್ಯದ ಕೆಲಸ, ಸಾವಿರಾರು ಜನರ ದಾಹ ತಣಿಸುವ ಕೆಲಸ. ಅಲ್ಲಿಗೆ ಬಂದ ಅಲ್ಲಮರು ಸಿದ್ಧರಾಮರನ್ನು ಬಿರುದುಗಳಿಂದ ಕರೆಯದೆ, ಮಣ್ಣು ಅಗೆಯುವ ಒಡ್ಡ ಎಲ್ಲಿ ಎಂದು ಕೇಳಿದರಂತೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರಿದರು. ಸಿದ್ಧರಾಮರಿಗೂ ಕೋಪ ಉಕ್ಕಿತು. ಆ ಕೋಪದಲ್ಲೇ ಅವರಿಗೆ ತಮ್ಮೊಳಗೆ ಇನ್ನೂ ಕೂತಿದ್ದ ನಾನು ಎಂಬುದು ಕಾಣಿಸಿತು. ಕೆರೆ ಕಟ್ಟಿದ್ದು ತಪ್ಪಲ್ಲ, ಕಟ್ಟಿದವನು ನಾನು ಎಂಬುದು ಕೆರೆಗಿಂತ ದೊಡ್ಡದಾಗಿ ಬೆಳೆದಿತ್ತು. ಕೊನೆಗೆ ಅವರು ಅಲ್ಲಮರ ಜೊತೆ ಕಲ್ಯಾಣಕ್ಕೆ ಹೊರಟು ಹೋದರು. ಬೇರೆ ದಾರಿಯ ಹಿರಿಯರ ಕಥೆ ಇದು, ಅದನ್ನು ನಮ್ಮದಾಗಿಸಿಕೊಳ್ಳುವ ಉದ್ದೇಶ ನಮಗಿಲ್ಲ. ಆದರೆ ಅದರ ಪರೀಕ್ಷೆ ನಮಗೂ ಸಲ್ಲುತ್ತದೆ. ನಾವು ಕೊಟ್ಟ ಬೆಂಚಿನ ಮೇಲೆ ನಮ್ಮ ಹೆಸರು ಬರೆಸುವುದನ್ನು ಮರೆತರೆ, ಹಬ್ಬದ ಕೃತಜ್ಞತಾ ಭಾಷಣದಲ್ಲಿ ನಮ್ಮ ಹೆಸರು ಬಿಟ್ಟುಹೋದರೆ, ಒಳಗೆ ಏನು ಉಕ್ಕುತ್ತದೆ?

ಭದ್ರಾವತಿಯಿಂದ ಬಂದಿರುವ ಕುಟುಂಬಗಳಿಗೆ ಇದನ್ನು ಬೇರೆ ರೀತಿಯಲ್ಲೂ ಹೇಳಬಹುದು. 1923ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡ ಮೇಲೆ ಎಷ್ಟು ತಲೆಮಾರುಗಳು ಆ ಬೆಂಕಿಯ ಎದುರು ದುಡಿದಿವೆ! ಅದಿರು ಕರಗಿದಾಗ ಮೇಲೆ ತೇಲುವುದು ಕಿಟ್ಟ. ಅದು ಹಗುರ, ಆದ್ದರಿಂದ ಮೇಲೆ. ಕಬ್ಬಿಣ ಭಾರ, ಆದ್ದರಿಂದ ತಳದಲ್ಲಿ. ಕೆಲಸಗಾರರು ಎರಡಕ್ಕೂ ಬೇರೆ ಬೇರೆ ದಾರಿ ಬಿಟ್ಟು ಹರಿಸುತ್ತಿದ್ದರು. ಮೇಲಿರುವುದೇ ಶ್ರೇಷ್ಠ ಎಂದು ಅಲ್ಲಿಯ ಯಾವ ಕೆಲಸಗಾರನೂ ಅಂದುಕೊಂಡಿರಲಾರ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ದೀನತೆ ಎಂಬ ಮಾತನ್ನು ನಾವು ಬಹಳ ಸಲ ತಪ್ಪು ಜನರಿಗೆ ಉಪದೇಶ ಮಾಡುತ್ತೇವೆ. ಗಂಡನಿಂದ ಹೊಡೆತ ತಿನ್ನುವ ಹೆಂಗಸಿಗೆ, ತಾಳ್ಮೆಯಿಂದಿರಮ್ಮ, ಮರಿಯಮ್ಮನವರಂತೆ ದೀನಳಾಗಿರು ಎನ್ನುತ್ತೇವೆ. ಕೂಲಿ ಕಡಿಮೆ ಕೊಟ್ಟವನ ಎದುರು ದನಿ ಎತ್ತಿದ ಆಳಿಗೆ, ಹಿಂದಿನ ಸಾಲಿನಲ್ಲೇ ಇರಬೇಕೆಂದು ತಲೆತಲಾಂತರದಿಂದ ಹೇಳಿಸಿಕೊಂಡವರಿಗೆ ದೀನತೆಯ ಪಾಠ ಮಾಡುತ್ತೇವೆ. ಅದು ದೀನತೆಯಲ್ಲ. ಮೇಲೆ ಕೂತವನು ಕೆಳಗಿರುವವನಿಗೆ ದೀನತೆ ಬೋಧಿಸುವುದು ಫರಿಸಾಯನ ತಕ್ಕಡಿಯದೇ ಇನ್ನೊಂದು ರೂಪ. ಮರಿಯಮ್ಮನವರು ಎಲಿಜಬೇತಮ್ಮನವರ ಮನೆಯಲ್ಲಿ ಹಾಡಿದ ಸ್ತುತಿಗೀತೆಯನ್ನು ಓದಿ ನೋಡಿ. ಅಲ್ಲಿ ಸಿಂಹಾಸನದಿಂದ ಕೆಳಗಿಳಿಯುವವರು ಬಲಿಷ್ಠರು, ಮೇಲೇರುವವರು ದೀನದಲಿತರು. ಆ ತಾಯಿ ತಗ್ಗಿದ ದನಿಯಲ್ಲಿ ಹಾಡಿದವರಲ್ಲ.

ಆವಿಲಾದ ಸಂತ ತೆರೇಸಮ್ಮನವರು ದೀನತೆಯನ್ನು ಸತ್ಯದಲ್ಲಿ ನಡೆಯುವುದು ಎಂದು ತಿಳಿದುಕೊಂಡಿದ್ದರು. ಈ ಅರ್ಥ ನಮಗೆ ಬಹಳ ಉಪಕಾರಿ. ಹಾಡಲು ಬರುವವರು, ನನಗೇನೂ ಬರುವುದಿಲ್ಲ ಫಾದರ್ ಎಂದು ನಾಲ್ಕು ಸಲ ಹೇಳಿ ಐದನೇ ಸಲ ಕರೆಯಲಿ ಎಂದು ಕಾಯುವುದು ಸತ್ಯವಲ್ಲ. ದೇವರು ಕಂಠ ಕೊಟ್ಟಿದ್ದಾನೆ, ಹಾಡಿಬಿಡಿ. ಕಣ್ಣು ಮಾತ್ರ ಪಕ್ಕದವರ ಕಂಠದ ಮೇಲೆ ಬೇಡ. ಹಾಗೆಯೇ ಈ ಸಾಮತಿಯನ್ನು ಕೇಳಿದ ಮೇಲೆ, ಸದ್ಯ ನಾನು ಆ ಫರಿಸಾಯನ ಹಾಗಲ್ಲವಲ್ಲ ಎಂದು ಉಸಿರು ಬಿಡುವುದೂ ಬೇಡ. ಅಲ್ಲಿಗೆ ತಕ್ಕಡಿ ಮತ್ತೆ ಕೈಗೆ ಬಂದ ಹಾಗೆಯೇ.

ಈಗ ಮುಖ್ಯ ಮಾತಿಗೆ ಬರೋಣ. ನಮ್ಮ ನೀತಿಯ ತಕ್ಕಡಿಯಲ್ಲಿ ಇನ್ನೊಂದು ತಟ್ಟೆಗೆ ಹಾಕಲ್ಪಟ್ಟವರ ಗತಿ ಏನು? ಫರಿಸಾಯನಿಗೆ ಅದು ಬರೀ ಒಂದು ಪ್ರಾರ್ಥನೆ. ಆದರೆ ಹಿಂದೆ ನಿಂತ ಸುಂಕದವನಿಗೆ ಅದು ಕೇಳಿಸಿದ್ದರೆ? ಪ್ರತಿಯೊಂದು ಧರ್ಮಕೇಂದ್ರದಲ್ಲೂ ಹಿಂದಿನ ಬಾಗಿಲ ಬಳಿ ನಿಲ್ಲುವವರು ಕೆಲವರಿದ್ದಾರೆ. ಬೆಂಚಿನಲ್ಲಿ ಜಾಗವಿದ್ದರೂ ಒಳಗೆ ಬರುವುದಿಲ್ಲ. ಪ್ರಬೋಧನೆ ಮುಗಿಯುವ ಹೊತ್ತಿಗೆ ಬಂದು, ಪರಮಪ್ರಸಾದಕ್ಕೆ ಮುಂಚೆ ಹೊರಟು ಹೋಗುತ್ತಾರೆ. ಒಬ್ಬನಿಗೆ ಕುಡಿತದ ಚಟ. ಒಬ್ಬಳ ಗಂಡ ಬಿಟ್ಟುಹೋಗಿದ್ದಾನೆ. ಒಂದು ಮನೆಯ ಮಗಳು ಬೇರೆ ಧರ್ಮದ ಹುಡುಗನನ್ನು ಮದುವೆಯಾಗಿದ್ದಾಳೆ. ಒಂದು ಮನೆಯಲ್ಲಿ ಮಗ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡಿದ್ದಾನೆ, ಆ ಮೇಲೆ ತಾಯಿ ಯಾರ ಮುಖವನ್ನೂ ನೋಡುತ್ತಿಲ್ಲ. ಇನ್ನು ಕೆಲವರು ಹಿಂದೆಯೂ ನಿಲ್ಲುವುದಿಲ್ಲ, ಬರುವುದನ್ನೇ ಬಿಟ್ಟಿದ್ದಾರೆ. ಬೇರೆ ಪ್ರಾರ್ಥನಾ ಕೂಟಗಳಿಗೆ ಹೋಗುತ್ತಾರೆ ಎಂದು ನಾವು ಅವರನ್ನು ದೂರುತ್ತೇವೆ. ಹೋದದ್ದು ಬೋಧನೆಯ ಆಸೆಗೇ ಎಂದುಕೊಳ್ಳಬೇಡಿ. ಅನೇಕರು ಹೋದದ್ದು, ಅಲ್ಲಿ ಮೊದಲ ದಿನವೇ ಯಾರೋ ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟರು ಎಂಬುದಕ್ಕೆ.

ಪಾಪವನ್ನು ಪಾಪ ಎನ್ನಬಾರದು ಎಂದು ನಾವು ಹೇಳುತ್ತಿಲ್ಲ. ಯೇಸುವಿನ ಹೃದಯ ಮೆತ್ತಗಿದೆ, ಆದರೆ ಕುರುಡಲ್ಲ. ಸುಂಕದವನು ಮಾಡಿದ್ದು ಸರಿ ಎಂದು ಅವರು ಎಲ್ಲೂ ಹೇಳಲಿಲ್ಲ. ಇದೇ ಸಂತ ಲೂಕರು ಒಂದೇ ಅಧ್ಯಾಯದ ನಂತರ ಇನ್ನೊಬ್ಬ ಸುಂಕದವನನ್ನು, ಜಕ್ಕಾಯನನ್ನು, ಹೆಸರಿಟ್ಟು ನಮ್ಮ ಮುಂದೆ ತರುತ್ತಾರೆ. ಅವನು ಎದೆ ಬಡಿದುಕೊಂಡು ಸುಮ್ಮನಾಗಲಿಲ್ಲ, ಲೆಕ್ಕದ ಪುಸ್ತಕವನ್ನೇ ತೆರೆದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು. ಆದರೆ ಕ್ರಮವನ್ನು ಗಮನಿಸಿ. ಯೇಸು ಮೊದಲು ಅವನ ಹೆಸರು ಹಿಡಿದು ಕರೆದರು, ಅವನ ಮನೆಯಲ್ಲಿ ಉಳಿದುಕೊಳ್ಳುವೆನೆಂದರು. ಲೆಕ್ಕ ಆಮೇಲೆ ಬಂತು. ನಾವು ಲೆಕ್ಕವನ್ನು ಮೊದಲು ಕೇಳುತ್ತೇವೆ, ಮನೆಗೆ ಹೋಗುವುದನ್ನು ಆಮೇಲೆ ನೋಡೋಣ ಎನ್ನುತ್ತೇವೆ. ಆಗ ಊರವರೆಲ್ಲ ಗೊಣಗಿದರು ಎಂದೂ ಸಂತ ಲೂಕರು ಬರೆದಿದ್ದಾರೆ. ಗೊಣಗಿದವರು ದೇವಭಕ್ತರೇ.

ಇಂದಿನ ಶುಭಸಂದೇಶದಲ್ಲಿ ಯೇಸು ನಮ್ಮ ಹೆಗಲಿಗೆ ಕೊಡುವುದು ನೊಗವನ್ನು. ಮಲೆನಾಡಿನ ರೈತರಿಗೆ ಇದು ಮುಂಗಾರಿನ ಉಳುಮೆಯ ಕಾಲ, ಹಳ್ಳಿಯಿಂದ ಬಂದವರಿಗೆ ನೊಗವನ್ನು ವಿವರಿಸಬೇಕಾಗಿಲ್ಲ. ನೊಗಕ್ಕೂ ತಕ್ಕಡಿಗೂ ನೋಟದಲ್ಲಿ ಹೋಲಿಕೆ ಇದೆ, ಒಂದು ಅಡ್ಡ ಮರ, ಎರಡು ಬದಿ. ಆದರೆ ತಕ್ಕಡಿಯಲ್ಲಿ ಒಬ್ಬ ಕೆಳಗಿಳಿದರೆ ಇನ್ನೊಬ್ಬ ಮೇಲೇರುತ್ತಾನೆ. ನೊಗದಲ್ಲಿ ಒಂದು ಎತ್ತು ಮುಗ್ಗರಿಸಿದರೆ ಇನ್ನೊಂದರ ಕುತ್ತಿಗೆಗೂ ನೋವು. ಪಕ್ಕದವನು ಬೀಳುವುದರಲ್ಲಿ ಅಲ್ಲಿ ಯಾರಿಗೂ ಲಾಭವಿಲ್ಲ. ಯೇಸು ಆ ನೊಗದ ಒಂದು ಬದಿಗೆ ತಾವೇ ಹೆಗಲು ಕೊಟ್ಟು ನಿಂತಿದ್ದಾರೆ. ಅದಕ್ಕೇ ಅದು ಹಗುರ.

ಬಲಿಪೂಜೆಯನ್ನು ನಾವು ಹೇಗೆ ಆರಂಭಿಸಿದೆವು ಎಂಬುದನ್ನು ನೆನಪಿಸಿಕೊಳ್ಳಿ. ಧರ್ಮಾಧ್ಯಕ್ಷರಿಂದ ಹಿಡಿದು ಇತ್ತೀಚೆಗೆ ಪರಮಪ್ರಸಾದ ಪಡೆದ ಮಗುವಿನವರೆಗೆ ಎಲ್ಲರೂ ಒಟ್ಟಾಗಿ, ಸರ್ವಶಕ್ತ ದೇವರಿಗೆ ಮಾತ್ರವಲ್ಲ, ಪಕ್ಕದಲ್ಲಿ ನಿಂತ ಸಹೋದರ ಸಹೋದರಿಯರಿಗೂ ನಮ್ಮ ಪಾಪವನ್ನು ಒಪ್ಪಿಕೊಂಡೆವು, ಸುಂಕದವನ ಹಾಗೆಯೇ ಎದೆ ಬಡಿದುಕೊಂಡೆವು. ಇನ್ನು ಸ್ವಲ್ಪ ಹೊತ್ತಿಗೆ ಪರಮಪ್ರಸಾದಕ್ಕೆ ಮುಂಚೆ ಶತಾಧಿಪತಿಯ ಮಾತನ್ನು ನಮ್ಮದಾಗಿಸಿಕೊಂಡು, ಯೋಗ್ಯರಲ್ಲ ಎಂದು ಹೇಳಿಯೂ ಸಾಲಿನಲ್ಲಿ ಮುಂದಕ್ಕೆ ಬರುತ್ತೇವೆ. ಇದು ವಿಚಿತ್ರವಲ್ಲವೇ? 17ನೇ ಶತಮಾನದ ಆ ಶಿಸ್ತಿನವರು ಯೋಗ್ಯರಲ್ಲ ಎಂದು ಹಿಂದೆ ಸರಿದರು. ಧರ್ಮಸಭೆ ಯೋಗ್ಯರಲ್ಲ ಎಂದು ಹೇಳಿಸಿ ಮುಂದಕ್ಕೆ ಕರೆಯುತ್ತದೆ.

ಸಂಜೆ ಪರಮಪ್ರಸಾದದ ಮೆರವಣಿಗೆ ಹೊರಡುವ ಮೊದಲು ಎರಡು ಗಂಟೆಗಳ ಕಾಲ ಪಾಪನಿವೇದನೆಗೆ ಅವಕಾಶವಿದೆ. ಗುರುಗಳಾದ ನಾವೂ ಮೊದಲು ಒಬ್ಬರ ಬಳಿ ಒಬ್ಬರು ನಿವೇದನೆ ಮಾಡಿ, ಆ ಮೇಲೆ ನಿಮಗಾಗಿ ಕೂರುತ್ತೇವೆ. ವರ್ಷಗಟ್ಟಲೆ ಬಾರದವರು ನಿಮ್ಮ ಬೀದಿಯಲ್ಲಿ ಯಾರಾದರೂ ಇದ್ದರೆ, ಬುದ್ಧಿ ಹೇಳಲು ಹೋಗಬೇಡಿ. ಹಬ್ಬದ ಪಾಯಸ ತೆಗೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಕೂತು ಬನ್ನಿ. ಬರುವ ಮನಸ್ಸು ಮಾಡಿದರೆ ಜೊತೆಯಲ್ಲೇ ಕರೆದುಕೊಂಡು ಬನ್ನಿ. ಹಿಂದಿನ ಬಾಗಿಲ ಬಳಿಯ ಎರಡು ಬೆಂಚುಗಳನ್ನು ಖಾಲಿ ಬಿಡಲು ಸ್ವಯಂಸೇವಕರಿಗೆ ಹೇಳಿದ್ದೇವೆ.